ಸುಬ್ಬಿಯ ಕೌದಿಯಲ್ಲಿ ಇಲ್ಲದ ಮಕ್ಕಳು

ಇಡಗುಂದಿಯ ಸೂಲಗಿತ್ತಿ ಸುಬ್ಬಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ, ಆದರೆ ಊರಿನ ಅರ್ಧಕ್ಕರ್ಧ ಜನರ ವಯಸ್ಸು ಬಾಯಿಪಾಠವಾಗಿತ್ತು. ಯಾರು ಯಾವ ಸುಗ್ಗಿಯಲ್ಲಿ ಹುಟ್ಟಿದರು, ಯಾರು ಕಾಲು ಮುಂದಾಗಿ ಬಂದರು, ಯಾರು ಹುಟ್ಟಿದ ಗಳಿಗೆಯಲ್ಲಿ ಅಳದೆ ಎಲ್ಲರ ಜೀವ ಬಾಯಿಗೆ ತಂದರು ಎಂಬುದನ್ನು ಯಾರೆದುರಿಗೆ ಬೇಕಾದರೂ ಹೇಳುವಳು. ಮೀಸೆ ತಿರುವುತ್ತ ಪಂಚಾಯತಿಗೆ ಕೂತ ಗಂಡಸಿಗೂ, 'ನಿನ್ನ ಕಾಲು ಹಿಡಿದು ತಲೆಕೆಳಗು ಮಾಡಿ ಬಡಿದವಳು ನಾ' ಎಂದು ನೆನಪಿಸಲು ಹಿಂದೆಮುಂದೆ ನೋಡುತ್ತಿರಲಿಲ್ಲ. ಹೀಗಾಗಿ ದೊಡ್ಡ ಮನುಷ್ಯರೆನಿಸಿಕೊಂಡವರು ಆಕೆಯ ಕಣ್ಣಿಗೆ ಬೀಳದೆ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಗಂಡ ಕೆರಿಯ ಮೈಮೇಲೆ ತೇಗದ ದಿಮ್ಮಿ ಉರುಳಿ ಸತ್ತು ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳು ಗಂಗೆಯನ್ನು ಕಿರವತ್ತಿಯ ಗಾಡಿ ಹೊಡೆಯುವ ಹುಚ್ಚ ಎಂಬ ಹೆಸರಿನವನಿಗೆ ಕೊಟ್ಟಿದ್ದಳು. ಮನೆಯಲ್ಲಿ ಉಳಿದದ್ದು ಒಂದು ಕೆಂದಾಕಳು, ಒಂದು ಕೌದಿ. ಕೌದಿ ಎಲ್ಲರ ಮನೆಯಲ್ಲೂ ಇರುತ್ತದೆ, ಹಳೆ ಸೀರೆಯ ಹರಕು ಸೇರಿಸಿ ಹೊಲಿಯುತ್ತಾರೆ. ಸುಬ್ಬಿಯದು ಹಾಗಲ್ಲ. ಕೂಸಿಗೆ ಹನ್ನೆರಡು ದಿನ ತುಂಬಿ ತೊಟ್ಟಿಲಿಗೆ ಹಾಕುವಾಗ ಮನೆಯವರು ಸೂಲಗಿತ್ತಿಗೆ ಒಂದು ರವಿಕೆ ಕಣ ಕೊಡುವುದು ಪದ್ಧತಿ. ಆಕೆ ಆ ಕಣವನ್ನು ರವಿಕೆ ಹೊಲಿಸಿಕೊಳ್ಳದೆ, ಅದರಲ್ಲೊಂದು ಅಂಗೈಯಗಲ ತುಂಡು ಕತ್ತರಿಸಿ ಕೌದಿಗೆ ಸೇರಿಸುತ್ತಿದ್ದಳು. ಒಂದು ತುಂಡಿಗೆ ಒಂದು ಕೂಸು. ಹೊದ್ದು ಮಲಗಿದರೆ ಊರೇ ಮೈಮೇಲೆ ಮಲಗಿದಂತೆ ಎಂದು ನಗುತ್ತಿದ್ದಳು.

ಆಕೆಯ ಕೆಲಸದ ರೀತಿ ಅವಳ ತಾಯಿ, ಅತ್ತೆ ಎಲ್ಲರೂ ಮಾಡಿಕೊಂಡು ಬಂದದ್ದೇ. ಕೂಸು ಯಾವ ಮನೆಯದೋ ಆ ಮನೆಯ ಕುಡಗೋಲಿನಿಂದಲೇ ಹೊಕ್ಕುಳಬಳ್ಳಿ ಕೊಯ್ಯಬೇಕು. ಬೇರೆ ಮನೆಯ ಕಬ್ಬಿಣ ತಾಗಿದರೆ ಕೂಸು ಬೇರೆ ಮನೆಯದಾಗುತ್ತದೆ ಎಂಬ ನಂಬಿಕೆ. ಕೊಯ್ದ ಜಾಗಕ್ಕೆ ಆ ಮನೆಯ ಆಕಳ ಸಗಣಿಯನ್ನು ಅದೇ ಒಲೆಯ ಬೂದಿಯಲ್ಲಿ ಕಲಸಿ ಮೆತ್ತಬೇಕು. ಇದನ್ನು ಸುಬ್ಬಿ ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳೆಂದರೆ, ಸಗಣಿ ಹಳತಾಗಿದೆ ಎಂದು ಬೈದು ಹೊಸದು ತರಿಸುತ್ತಿದ್ದಳು. ಅವಳಿಗೆ ಕೈಗುಣವಿದೆ ಎಂದು ಜನ ಹೇಳುತ್ತಿದ್ದರು. ಅವಳೂ ಹಾಗೆಯೇ ತಿಳಿದಿದ್ದಳು.

ಕೆಲವು ಕೂಸುಗಳು ಎಂಟನೆಯ ದಿನದ ಸುಮಾರಿಗೆ ಮೊಲೆ ಹಿಡಿಯುವುದನ್ನು ಬಿಡುತ್ತಿದ್ದವು. ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಾಗಿ, ಒಂದೆರಡು ದಿನದಲ್ಲಿ ಹೋಗಿಬಿಡುತ್ತಿದ್ದವು. ಅದಕ್ಕೆ ಎಂಟರ ಬೇನೆ ಎಂದು ಹೆಸರು. ಗಾಳಿ ಸೋಕಿತು ಎನ್ನುತ್ತಿದ್ದರು, ಹಣೆಯಲ್ಲಿ ಬರೆದದ್ದು ಅಷ್ಟೇ ಎನ್ನುತ್ತಿದ್ದರು. ಸೂಲಗಿತ್ತಿಯ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಹೆತ್ತ ದಿನ ಕೂಸು ಗಟ್ಟಿಯಾಗಿಯೇ ಅತ್ತಿರುತ್ತಿತ್ತಲ್ಲ! ಗಂಗೆಯ ಮೊದಲನೆಯ ಕೂಸು ತವರಿನಲ್ಲೇ ಹುಟ್ಟಿ ಒಂಬತ್ತನೆಯ ದಿನಕ್ಕೆ ಹೋಯಿತು. ಎರಡನೆಯದು ಎಂಟನೆಯ ದಿನಕ್ಕೆ. ಎರಡಕ್ಕೂ ಬಳ್ಳಿ ಕೊಯ್ದವಳು ಸುಬ್ಬಿ, ಎರಡಕ್ಕೂ ಮೆತ್ತಿದ್ದು ಆಕೆಯ ಕೆಂದಾಕಳ ಸಗಣಿ.

೧೯೩೫ರ ದೀಪಾವಳಿ ಕಳೆದ ಮೇಲೆ ಯಲ್ಲಾಪುರದ ದವಾಖಾನೆಗೆ ಬದ್ರುನ್ನಿಸಾ ಎಂಬ ನರ್ಸಬಾಯಿ ಬಂದಳು. ಶಿರಸಿಯ ಪೇಟೆಯ ಹುಡುಗಿ, ಹುಬ್ಬಳ್ಳಿಯಲ್ಲಿ ಹೆರಿಗೆ ಕೆಲಸ ಕಲಿತವಳು, ಇನ್ನೂ ಮೂವತ್ತು ದಾಟಿರಲಿಲ್ಲ. ಆಕೆಯ ಅಣ್ಣ ದಾದಾಸಾಬ ಇಡಗುಂದಿ, ಯಲ್ಲಾಪುರ, ಕಿರವತ್ತಿಯ ರಸ್ತೆಯಲ್ಲಿ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಓಡಿಸುತ್ತಿದ್ದ. ಸುತ್ತಲಿನ ಹಳ್ಳಿಯ ಸೂಲಗಿತ್ತಿಯರೆಲ್ಲ ಒಂದು ದಿನ ದವಾಖಾನೆಗೆ ಬರಬೇಕೆಂದು ಆತನ ಬಾಯಲ್ಲಿ ಹೇಳಿ ಕಳಿಸಿದಳು. ಉಳಿದವರು ಹೆದರುತ್ತ ಹೋದರು. ಸುಬ್ಬಿ ಹೆದರಲಿಲ್ಲ. ಕೌದಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ನರ್ಸಬಾಯಿಗೆ ಕೆಲಸ ಕಲಿತ ಕಾಗದ ಇದ್ದರೆ ತನಗೆ ತನ್ನ ಕೌದಿ ಎಂಬ ಗತ್ತು.

ಬದ್ರುನ್ನಿಸಾ ಕತ್ತರಿಯನ್ನೂ ದಾರವನ್ನೂ ನೀರಲ್ಲಿ ಹಾಕಿ ಒಲೆಯ ಮೇಲಿಟ್ಟಳು. ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತು ಕುದಿಯಬೇಕು ಎಂದಳು. ಬಳೆ ತೆಗೆದಿಟ್ಟು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯಬೇಕು ಎಂದಾಗ ಮುತ್ತೈದೆಯರು ಮುಖ ಮುಖ ನೋಡಿಕೊಂಡರು. ಬಾಣಂತಿಯ ಕೋಣೆಯಲ್ಲಿ ಬೋಳುಗೈಯೇ! 'ನಂಗೆ ಆ ತಾಪತ್ರಯ ಇಲ್ಲ' ಎಂದು ಸುಬ್ಬಿ ತನ್ನ ಬೋಳುಗೈ ಎತ್ತಿ ತೋರಿಸಿದಳು. ಎಲ್ಲರೂ ನಕ್ಕರು, ನರ್ಸಬಾಯಿಯೂ ನಕ್ಕಳು. ಆಮೇಲೆ ಕೊಯ್ದ ಜಾಗಕ್ಕೆ ಏನನ್ನೂ ಹಚ್ಚಬಾರದು, ಸಗಣಿಯಂತೂ ವಿಷ, ಅದರಿಂದಲೇ ಎಂಟರ ಬೇನೆ ಬರುವುದು ಎಂದಾಗ ನಗು ನಿಂತಿತು.

ಸುಬ್ಬಿ ಎದ್ದು ನಿಂತು ಕೌದಿಯನ್ನು ನೆಲದ ಮೇಲೆ ಹಾಸಿದಳು. "ಎಣಿಸಿ ನೋಡ್ರಾ ಬಾಯಿ. ಇಷ್ಟೂ ಸಗಣಿ ಮೆತ್ತಿದ ಮಕ್ಕಳೇ. ವಿಷ ಆದ್ರೆ ಇವೆಲ್ಲ ಎಂತಕ್ಕೆ ಬದುಕಿದ್ವು?"

ಬದ್ರುನ್ನಿಸಾ ನಿಜವಾಗಿಯೂ ಮಂಡಿಯೂರಿ ಕೂತು ಎಣಿಸಿದಳು. ಸಾಲು ಸಾಲಾಗಿ, ಬೆರಳಿಟ್ಟು. ನೂರಾ ನಲವತ್ತಮೂರು. ಸೂಲಗಿತ್ತಿಯರು ಬಾಯಿಯ ಮೇಲೆ ಬೆರಳಿಟ್ಟರು. ಆಕೆ ತಲೆಯೆತ್ತಿ ಮೆಲ್ಲನೆ ಕೇಳಿದಳು: "ಅಮ್ಮಾ, ಇವು ಹನ್ನೆರಡು ದಿನ ದಾಟಿದ ಮಕ್ಕಳು. ದಾಟದೆ ಹೋದವರ ತುಂಡು ಎಲ್ಲಿ?"

ಸುಬ್ಬಿ ಕೌದಿ ಎಳೆದುಕೊಂಡು, "ಸತ್ತ ಕೂಸಿಗೆ ಯಾರು ಕಣ ಕೊಡ್ತಾರೆ?" ಎಂದು ಗದರಿ ಹೊರಟುಹೋದಳು. ಮೋಟಾರು ಹತ್ತದೆ ಇಡಗುಂದಿಯವರೆಗೂ ನಡೆದಳು. ನರ್ಸಬಾಯಿಯನ್ನು ದಾರಿಯುದ್ದಕ್ಕೂ ಬೈದಳು. ಬೈಗುಳ ಮುಗಿದ ಮೇಲೂ ದಾರಿ ಉಳಿದಿತ್ತು. ಆಗ ಲೆಕ್ಕ ತಲೆಗೆ ಹತ್ತಿತು.

ಮನೆಗೆ ಬಂದವಳು ಬಾಳೆನಾರಿನ ಒಂದು ಹುರಿ ಹೊಸೆದು, ಎಂಟರ ಬೇನೆಯಲ್ಲಿ ಹೋದ ಕೂಸಿಗೆ ಒಂದೊಂದು ಗಂಟು ಹಾಕತೊಡಗಿದಳು. ನೆನಪಿಗೆ ಬಂದದ್ದು ಒಂಬತ್ತೇ. ತನ್ನ ನೆನಪು ಇಷ್ಟು ಕಳಪೆಯೇ ಎಂದು ಆಕೆಗೇ ಸಿಟ್ಟು ಬಂತು. ಬದುಕಿದವರ ಹುಟ್ಟಿದ ಗಳಿಗೆಯನ್ನೂ ಹೇಳಬಲ್ಲವಳು ಸತ್ತವರನ್ನು ಹೇಗೆ ಮರೆತಳು? ಉಳಿದವನ್ನು ತಾಯಂದಿರನ್ನು ಕೇಳಿಯೇ ತಿಳಿಯಬೇಕಾಯಿತು. ಆ ಚಳಿಗಾಲವೆಲ್ಲ ಮನೆಮನೆ ತಿರುಗಿದಳು. ತಾಯಂದಿರು ಒಬ್ಬರೂ ಮರೆತಿರಲಿಲ್ಲ. ಒಬ್ಬಳು ಕೆಲಸ ಬಿಟ್ಟು ಅವಳ ಪಕ್ಕ ಕೂತು, ಹತ್ತು ವರ್ಷದ ಹಿಂದೆ ಹೋದ ಮಗುವಿನ ಕಿವಿ ಹೇಗಿತ್ತು ಎಂದು ಹೇಳಿದಳು. ಇನ್ನೊಬ್ಬಳು, "ಈಗ ಎಂತಕ್ಕೆ ಕೇಳ್ತೆ?" ಎಂದು ಬಾಗಿಲು ಹಾಕಿಕೊಂಡಳು. ಗಂಟುಗಳು ಇಪ್ಪತ್ತೊಂದಾದವು. ಇಪ್ಪತ್ತೆರಡನೆಯದನ್ನೂ ಇಪ್ಪತ್ಮೂರನೆಯದನ್ನೂ ಹಾಕಲು ಆಕೆ ಯಾರ ಮನೆಗೂ ಹೋಗಬೇಕಾಗಿರಲಿಲ್ಲ. ಆದರೂ ಅವೆರಡಕ್ಕೆ ಮೂರು ದಿನ ಹಿಡಿಯಿತು.

ಇಷ್ಟಾದರೂ ಸುಬ್ಬಿ ಒಪ್ಪುವ ಹೆಂಗಸಲ್ಲ. ಹುಟ್ಟಿದ ಮಕ್ಕಳಲ್ಲಿ ಕೆಲವು ಸಾಯುವುದು ಇದ್ದದ್ದೇ, ಅದು ಸಗಣಿಯಿಂದಲೇ ಎನ್ನಲು ಏನು ಗುರುತು? ಸಗಣಿ ಹಚ್ಚದ ಕೂಸು ಎಲ್ಲಿದೆ ಹೋಲಿಸಲು? ಹೀಗೆ ಯೋಚಿಸುತ್ತಿರುವಾಗಲೇ ಕಾಡಿನ ಬಿಡಾರಗಳು ನೆನಪಾದವು. ದಿಮ್ಮಿ ಕಡಿಯುವ ಕೂಲಿಗಳು ಕಾಡಿನಲ್ಲೇ ಗುಡಿಸಲು ಹಾಕಿಕೊಂಡು ನಾಲ್ಕಾರು ತಿಂಗಳು ಇರುತ್ತಿದ್ದರು. ಅಲ್ಲಿ ಆಕಳಿಲ್ಲ, ಸಗಣಿ ಎಲ್ಲಿಂದ ಬರಬೇಕು? ಮನೆಯೇ ಇಲ್ಲದ ಮೇಲೆ ಮನೆಯ ಕುಡಗೋಲೂ ಇಲ್ಲ. ಅಂಥ ಕಡೆ ಸುಬ್ಬಿ ಹಸಿ ಬಿದಿರು ಸೀಳಿ, ಸಿಬಿರನ್ನು ಬೆಂಕಿಯಲ್ಲಿ ಬಾಡಿಸಿ, ಅದರಲ್ಲೇ ಬಳ್ಳಿ ಕೊಯ್ದು ಬರುತ್ತಿದ್ದಳು. ಅರೆಬರೆ ಹೆರಿಗೆ ಎಂದು ಅವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಕಣ ಕೊಡುವಷ್ಟು ಉಳ್ಳವರೂ ಅಲ್ಲ, ಹನ್ನೆರಡನೆಯ ದಿನಕ್ಕೆ ಆಕೆ ಅಲ್ಲಿ ಇರುತ್ತಲೂ ಇರಲಿಲ್ಲ.

ಅಂಥವು ಒಟ್ಟು ಹನ್ನೊಂದು. ಒಂದು ಹುಟ್ಟುವಾಗಲೇ ಉಸಿರಿಲ್ಲದೆ ಬಂದಿತ್ತು. ಮೂರು ಮನೆಯವರು ಕಾಡು ಬಿಟ್ಟು ಎಲ್ಲಿ ಹೋದರೋ ಗೊತ್ತಾಗಲಿಲ್ಲ. ಉಳಿದ ಏಳನ್ನು ಹುಡುಕಲು ಸುಬ್ಬಿ ಮತ್ತೆ ಕಾಡಿನ ದಾರಿ ಹಿಡಿದಳು. ಏಳೂ ಬದುಕಿದ್ದವು. ಒಬ್ಬಳು ಆಗಲೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಳು.

ಸುಬ್ಬಿ ಯಲ್ಲಾಪುರಕ್ಕೆ ಹೋಗಿ ನಾರಿನ ಹುರಿಯನ್ನು ಬದ್ರುನ್ನಿಸಾಳ ಮೇಜಿನ ಮೇಲೆ ಇಟ್ಟಳು. ಬಿಡಾರದ ಮಕ್ಕಳ ವಿಷಯವನ್ನೂ ಹೇಳಿದಳು. ನರ್ಸಬಾಯಿ ಹುರಿಯನ್ನು ಕೈಗೆತ್ತಿಕೊಂಡು ಗಂಟುಗಳನ್ನು ಎಣಿಸಿದಳು. ಗೆದ್ದೆ ಎಂಬ ಭಾವ ಆಕೆಯ ಮುಖದಲ್ಲಿ ಕಾಣಲಿಲ್ಲ. "ಏಳು ಅಂದ್ರೆ ಕಮ್ಮಿ ಅಮ್ಮಾ. ಏಳರಿಂದ ಹೀಗೇ ಅಂತ ಹೇಳೋಕೆ ಆಗೋದಿಲ್ಲ. ಆದ್ರೆ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿರಾರು ಮಕ್ಕಳನ್ನು ನೋಡಿ ಇದೇ ಮಾತು ಬರೆದಿದ್ದಾರೆ."

"ನಿಮ್ಗೆ ಕಮ್ಮಿ, ನಂಗೆ ಸಾಕು," ಎಂದಳು ಸುಬ್ಬಿ. "ಆ ಡಬ್ಬಿ ಇತ್ಲಾಗೆ ಕೊಡಿ."

ಸೂಲಗಿತ್ತಿಯರಿಗೆ ಕೊಡಲೆಂದು ಇಟ್ಟಿದ್ದ ಆ ಡಬ್ಬಿಯಲ್ಲಿ ಒಂದು ಕತ್ತರಿ, ದಾರ, ಸಾಬೂನು, ಒಗೆದ ಬಟ್ಟೆ ಇದ್ದವು. ಇಷ್ಟರಲ್ಲಿ ಗಂಗೆಗೆ ಮತ್ತೆ ಏಳು ತಿಂಗಳಾಗಿತ್ತು. ಈ ಸಲ ಆಕೆಯ ಅತ್ತೆ ಹೊನ್ನಿ ಸೊಸೆಯನ್ನು ತವರಿಗೆ ಕಳಿಸಲು ಒಪ್ಪಲಿಲ್ಲ. "ನಿಮ್ಮ ಮನಿಯಾಗ ಎರಡ ಹೋದ್ವು. ಮೂರನೇದ್ದು ನಮ್ಮ ಮನಿಯಾಗ ಆಗ್ಲಿ. ನೀವ ಬರ್ರಿ ಬೇಕಾದ್ರ," ಎಂದು ಹೇಳಿ ಕಳಿಸಿದಳು. ಮಾತು ಚುಚ್ಚಿತು, ಆದರೆ ಸುಬ್ಬಿ ತಿರುಗಿ ಆಡಲಿಲ್ಲ. ಯುಗಾದಿ ಕಳೆದ ಎರಡನೆಯ ವಾರ ಡಬ್ಬಿ ಹಿಡಿದು ದಾದಾಸಾಬನ ಮೋಟಾರಿನಲ್ಲಿ ಕಿರವತ್ತಿಗೆ ಹೋದಳು.

ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನಕ್ಕೆ ಮುಗಿಯಿತು. ಗಂಡು ಕೂಸು. ಕುದಿಸಿಟ್ಟ ಕತ್ತರಿಯಿಂದ ಸುಬ್ಬಿ ಬಳ್ಳಿ ಕೊಯ್ದು, ದಾರ ಕಟ್ಟಿ, ಒಣ ಬಟ್ಟೆ ಸುತ್ತಿದಳು. ಅಷ್ಟರಲ್ಲಿ ಹೊನ್ನಿ ಒಂದು ಕೈಯಲ್ಲಿ ಮನೆಯ ಕುಡಗೋಲನ್ನೂ ಇನ್ನೊಂದು ಕೈಯಲ್ಲಿ ಗರಟೆಯ ತುಂಬ ಸಗಣಿ ಬೂದಿಯನ್ನೂ ಹಿಡಿದು ಬಂದಳು. "ಏ, ಕೊಯ್ದ ಬಿಟ್ರ್ಯಾ? ನಮ್ಮ ಮನಿ ಕೂಸಿಗೆ ನಮ್ಮ ಮನಿ ಕಬ್ಬಿಣ ಬ್ಯಾಡೇನ್ರಿ? ಇದನ್ನರ ಹಚ್ಚರಿ."

ಹೊನ್ನಿಯ ಜೊತೆ ಜಗಳವಾಡಿದರೆ ಆಕೆ ಸುಬ್ಬಿಯನ್ನು ಅಂದೇ ಮೋಟಾರು ಹತ್ತಿಸಿ ಕಳಿಸಿ, ಹಿಂದಿನಿಂದ ತಾನೇ ಸಗಣಿ ಮೆತ್ತುವಳು. ಇದು ಸುಬ್ಬಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಗರಟೆ ಇಸಿದುಕೊಂಡಳು. "ಬೇನೆ ಒಳಗೆ ಬರೋದು ಎಲ್ಲಿಂದ? ಬಾಗ್ಲಿಂದ. ಅದಕ್ಕೆ ಅಲ್ಲಿ ಹಚ್ತೆ," ಎಂದು ಬಾಣಂತಿಯ ಕೋಣೆಯ ಹೊಸ್ತಿಲಿಗೆ ಮೂರು ಬೆರಳಿನ ಅಗಲ ಮೆತ್ತಿ, ಕುಡಗೋಲನ್ನು ಬಾಗಿಲ ಮೂಲೆಗೆ ಒರಗಿಸಿದಳು. ಆಮೇಲೆ ಮತ್ತೊಮ್ಮೆ ಮೊಣಕೈವರೆಗೆ ಕೈ ತೊಳೆದಳು. ಅನುಭವಸ್ಥೆಯ ಮಾತೆಂದು ಹೊನ್ನಿ ಒಪ್ಪಿದಳು, ಉಳಿದದ್ದನ್ನು ಹೊಕ್ಕುಳಿಗೂ ಹಚ್ಚುತ್ತಾಳೆ ಎಂದೇ ತಿಳಿದಳು.

ಅಂದಿನಿಂದ ಸುಬ್ಬಿ ಕೂಸಿನ ಹತ್ತಿರದಿಂದ ಕದಲಲಿಲ್ಲ. ಹೊಕ್ಕುಳ ಮುಟ್ಟಲು ಯಾರನ್ನೂ ಬಿಡಲಿಲ್ಲ. ಪ್ರತಿ ಸಲ ಹಾಲು ಕುಡಿಯುವಾಗಲೂ ಬಾಯಿ ಎಷ್ಟು ತೆರೆಯಿತು ಎಂದು ಬಗ್ಗಿ ನೋಡುವಳು. ಐದನೆಯ ದಿನ ಬಳ್ಳಿ ಒಣಗಿ ಉದುರಿತು. ಎಂಟನೆಯ ದಿನ ಬೆಳಿಗ್ಗೆ ಕೂಸು ಮೊಲೆಗೆ ಬಾಯಿ ಇಟ್ಟು, ಬಿಟ್ಟು, ಅಳತೊಡಗಿತು. ಗಂಗೆ ತಾಯಿಯ ಮುಖ ನೋಡಿದಳು. ತನ್ನ ಜೀವಮಾನದಲ್ಲಿ ಅಷ್ಟು ಹೆದರಿಕೆ ಸುಬ್ಬಿಗೆ ಎಂದೂ ಆಗಿರಲಿಲ್ಲ. ತೊಳೆದ ಕಿರುಬೆರಳನ್ನು ಕೂಸಿನ ಬಾಯಿಗಿಟ್ಟಳು. ದವಡೆ ಸಡಿಲವಾಗಿಯೇ ಇತ್ತು, ಬೆರಳನ್ನು ಚೀಪಿತು. ಮೂಗು ನೋಡಿದರೆ ನೆಗಡಿ! ಮೂಗು ಒರೆಸಿದ ಮೇಲೆ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಸುಬ್ಬಿ ಹಿತ್ತಲಿಗೆ ಹೋಗಿ ಒಬ್ಬಳೇ ಕೂತು ಬಂದಳು.

ಹನ್ನೆರಡನೆಯ ದಿನ ತೊಟ್ಟಿಲು ಕಟ್ಟಿದರು. ಕೇರಿಯ ಹೆಂಗಸರೆಲ್ಲ ಕೂಡಿದ್ದರು, ಅವರಲ್ಲಿ ಇಬ್ಬರು ಬಸುರಿಯರು. ಹೊನ್ನಿಯ ಸಂಭ್ರಮ ಕೇಳಬೇಕೆ? ಸುಬ್ಬಿಯ ಉಡಿಗೆ ಹಸಿರು ಕಣ ಹಾಕಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಈಕಿ ಕೈಗುಣ ನೋಡ್ರಿ. ಹೊಕ್ಕಳಕ್ಕ ಹಚ್ಚೂದಲ್ಲದ ಹೊಸ್ತಿಲಕ್ಕೂ ಹಚ್ಚಬೇಕಂತ, ಅಂದ್ರ ಬ್ಯಾನಿ ಒಳಗ ಬರೂದುಲ್ಲಂತ. ಹಿಂದಿನ ಎರಡಕ್ಕ ಹೊಸ್ತಿಲಕ್ಕ ಹಚ್ಚಿದ್ದಿಲ್ಲ, ಅದಕ್ಕ ಹೋದ್ವು." ಬಸುರಿಯರಿಬ್ಬರೂ ತಲೆಯಾಡಿಸಿದರು. ಒಬ್ಬಳು ಎಷ್ಟು ಅಗಲ ಹಚ್ಚಬೇಕು ಎಂದೂ ಕೇಳಿದಳು.

ಸುಬ್ಬಿ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೂಸು ಉಳಿದಿತ್ತು, ಹೆಸರು ಉಳಿದಿತ್ತು, ಮಗಳು ಸಂತೋಷವಾಗಿದ್ದಳು. ಆದರೆ ತಾನು ಹೇಳಿದ ಸುಳ್ಳು ಆ ಇಬ್ಬರು ಬಸುರಿಯರ ಮನೆ ಸೇರುವುದನ್ನು ಆಕೆ ಕಣ್ಣೆದುರೇ ಕಂಡಳು. ಹೊಸ್ತಿಲಿಗೂ ಹಚ್ಚುತ್ತಾರೆ, ಹೊಕ್ಕುಳಿಗೂ ಹಚ್ಚುತ್ತಾರೆ.

"ಹೊಸ್ತಿಲಿಗೆ ಹಚ್ಚಿದ್ದು ಹೊನ್ನಿ ಬಾಯಿ ಮುಚ್ಸೋಕೆ," ಎಂದಳು. "ಕೂಸಿಗೆ ನಾ ಎಂತದ್ದೂ ಹಚ್ಚಲಿಲ್ಲ. ಹಚ್ಚದೆ ಇದ್ದದ್ದಕ್ಕೆ ಉಳೀತು. ಮೊದಲಿನ ಎರಡಕ್ಕೂ ನಾನೇ ನನ್ನ ಕೈಯಾರೆ ಹಚ್ಚಿದ್ದೆ. ಅವು ಅದ್ರಿಂದ್ಲೇ ಸತ್ತಿದ್ದು. ನಂಗೆ ಆಗ ಗೊತ್ತಿರಲಿಲ್ಲ. ಇಡಗುಂದಿ ಕಡೆ ಇಪ್ಪತ್ಮೂರು ಕೂಸು ಹಾಗೇ ಹೋದ್ವು. ನಾ ಮನೆಮನೆಗೆ ಹೋಗಿ ಎಣಿಸಿ ಬಂದೆ."

ಗಂಗೆ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಯ ಮೋಟಾರಿಗೆ ಸುಬ್ಬಿ ಹೊರಟಾಗಲೂ ಬಾಗಿಲು ತೆರೆಯಲಿಲ್ಲ.

ಮಾತು ಮೋಟಾರಿಗಿಂತ ಮೊದಲೇ ಇಡಗುಂದಿ ತಲುಪಿತು. ಕೂಸು ಕಳೆದುಕೊಂಡ ತಾಯಿಯೊಬ್ಬಳು ಅಂಗಳಕ್ಕೆ ಬಂದು ಬಾಯಿಗೆ ಬಂದಂತೆ ಬೈದಳು. ಸುಬ್ಬಿ ಕೇಳಿಸಿಕೊಂಡಳು. ಕೈಗುಣವಿದೆ ಎಂದ ಬಾಯಿಗಳೇ ಕೊಲೆಗಡುಕಿ ಎಂದವು. ಹೆರಿಗೆಗೆ ಕರೆಯುವುದು ನಿಂತಿತು. ಆಕೆಯಂತೆಯೇ ಸಗಣಿ ಹಚ್ಚುತ್ತ, ಎಷ್ಟು ಸತ್ತವು ಎಂದು ಯಾರಿಗೂ ಹೇಳದ ಪಕ್ಕದೂರಿನ ಸೂಲಗಿತ್ತಿಗೆ ಕೆಲಸ ಹೆಚ್ಚಿತು. ಬದ್ರುನ್ನಿಸಾ ಸುದ್ದಿ ಕೇಳಿ ನೋಡಲು ಬಂದಳು. "ಇಷ್ಟೆಲ್ಲ ಹೇಳು ಅಂತ ನಾನು ಹೇಳಿರಲಿಲ್ಲ ಅಮ್ಮಾ," ಎಂದಳು.

"ಲೆಕ್ಕ ಕೇಳಿದೋರು ನೀವು," ಎಂದಳು ಸುಬ್ಬಿ. ಅದರಲ್ಲಿ ಸಿಟ್ಟಿರಲಿಲ್ಲ.

ಬೈಗುಳ ಆಕೆಯನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಗಂಗೆಯ ಮೌನ. ತಿಂಗಳಿಗೊಮ್ಮೆ ಕಿರವತ್ತಿಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದಳು. ಅಳಿಯ ಹುಚ್ಚ ನೀರು ಕೊಡುತ್ತಿದ್ದ, ಕೂಸನ್ನು ತಂದು ತೊಡೆಯ ಮೇಲೆ ಇಡುತ್ತಿದ್ದ. ಗಂಗೆ ಹೊರಗೆ ಬರುತ್ತಿರಲಿಲ್ಲ. ಬಂದರೂ ತಾಯಿ ಕೂತ ಕಡೆ ಕಂಬವೊಂದು ಇದೆ ಎಂಬಂತೆ ದಾಟಿ ಹೋಗುತ್ತಿದ್ದಳು. ಹೀಗೆ ನಾಲ್ಕು ತಿಂಗಳು ಹೋದವು.

ನಾಲ್ಕನೆಯ ಸಲ ಸುಬ್ಬಿ ಜಗಲಿಯ ಮೇಲೆ ಕೂತಿದ್ದಾಗ ಪಕ್ಕದ ಮನೆಯ ಜಟ್ಟಪ್ಪ ಓಡಿ ಬಂದ. ತೊಟ್ಟಿಲ ದಿನ ಬಂದಿದ್ದ ಬಸುರಿಯರಲ್ಲಿ ಒಬ್ಬಳು ಅವನ ಹೆಂಡತಿ. ಬೆಳಗಿನಿಂದ ನೋವು ಕಾಣಿಸಿಕೊಂಡಿತ್ತು. ಊರಿನ ಸೂಲಗಿತ್ತಿಯನ್ನು ಕರೆಯಲು ಹೊರಟವನು ಹಾದಿಯಲ್ಲಿ ನಿಂತು ಗಂಗೆಯನ್ನು ಕೂಗಿದ. ಸುಬ್ಬಿಯ ಕಡೆ ನೋಡಲು ಅವನಿಗೆ ಧೈರ್ಯ ಸಾಲದು. "ಯಕ್ಕಾ, ನಮ್ಮವ್ವ ಇವರನ್ನ ಮನಿ ಹೊಸ್ತಿಲಾ ತುಳಸಬ್ಯಾಡ ಅಂತಾಳ. ಇಪ್ಪತ್ಮೂರ ಕೂಸು ಕೊಂದಾಕಿ ಅಂತಾಳ. ನನ್ನ ಹೇಣ್ತಿ ಇವರನ್ನ ಕರೀ ಅಂತಾಳ. ನಾ ಏನ್ ಮಾಡ್ಲಿ ಹೇಳು."

ಗಂಗೆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಬಂದಳು. ಸುಬ್ಬಿ ತಲೆ ತಗ್ಗಿಸಿದಳು.

"ನಿಮ್ಮವ್ವ ಹೇಳೋದು ಸುಳ್ಳಲ್ಲ," ಎಂದಳು ಗಂಗೆ. "ಆ ಇಪ್ಪತ್ಮೂರರಲ್ಲಿ ಎರಡು ನನ್ನವು. ಅದನ್ನ ನಾ ಸಾಯೋತನಕ ಮರೆಯೋದಿಲ್ಲ. ಆದ್ರೆ ನೀ ಕರೀಲಿಕ್ಕೆ ಹೊರಟಿದೀಯಲ್ಲ, ಅವಳನ್ನ ಕೇಳು, ನಿನ್ನ ಕೈಯಲ್ಲಿ ಎಷ್ಟು ಸತ್ತವು ಅಂತ. ಒಂದೂ ಇಲ್ಲ ಅಂತಾಳೆ. ಎಷ್ಟು ಸತ್ತವು, ಎಂತಕ್ಕೆ ಸತ್ತವು ಅಂತ ಗೊತ್ತಿದ್ದು ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ. ನಂಗೆ ನಾಲ್ಕನೇದು ಆದ್ರೂ ನಾ ಇವಳನ್ನೇ ಕರೀತೆ."

ಹೇಳಿ ಮುಗಿಸಿ ಒಳಗೆ ಹೋದಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ. ಜಟ್ಟಪ್ಪ ಸುಬ್ಬಿಗೆ ಬರ್ರಿ ಎಂದು ಹೇಳಿ ತನ್ನ ಮನೆಯ ಕಡೆ ತಿರುಗಿದ. ಸುಬ್ಬಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎದ್ದು ಜಟ್ಟಪ್ಪನ ಹಿಂದೆ ನಡೆದಳು.